ನಲವತ್ತೇಳರ ಮೂಲೆ

ಆನೇಕಲ್ ಪೇಟೆಯ ಹಾರ್ಡ್‌ವೇರ್ ಅಂಗಡಿಯವನು ಶೈಲಾಳನ್ನು ನೋಡಿದ, ಆಮೇಲೆ ಅವಳ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ.

"ಏನ್ ಬೇಕಿತ್ತು ಮೇಡಂ?"

"ಗಿಡಗಂಟಿ ಕಡಿಯೋಕೆ ಏನಾದ್ರೂ ಕೊಡ್ರಿ."

"ಹುಲ್ಲಾ, ಮುಳ್ಳಾ, ಮರಾನಾ?"

"ಎಲ್ಲಾ ಐತ್ರಿ."

"ಹಂಗಾದ್ರೆ ಮನೆ ಗಂಡಸರನ್ನ ಕಳ್ಸಿ ಮೇಡಂ. ಅವ್ರಿಗೆ ಗೊತ್ತಾಗತ್ತೆ."

"ಗಂಡಸರು ಇಲ್ಲ."

"ಸಂಜೆ ಬಂದ್ಮೇಲೆ ಕಳ್ಸಿ. ಎಂಟು ಗಂಟೆವರ್ಗೂ ತೆಗ್ದಿರ್ತೀವಿ."

"ಸಂಜಿಗೂ ಬರೋದಿಲ್ರಿ," ಎಂದಳು ಶೈಲಾ. ಹದಿನಾಲ್ಕು ತಿಂಗಳಿನಿಂದ ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ಪಂಚಾಯ್ತಿ ಕಚೇರಿಯಲ್ಲಿ ಇದನ್ನೇ ಹೇಳಿ ಹೇಳಿ, ಅವಳ ಬಾಯಲ್ಲಿ ಅದು ಮನೆ ವಿಳಾಸ ಹೇಳಿದ ಹಾಗೆ ಆಗಿಬಿಟ್ಟಿತ್ತು.

ಅಂಗಡಿಯವನು ಮತ್ತೇನೂ ಕೇಳದೆ ಒಂದು ಕುಡುಗೋಲನ್ನು ಕಟ್ಟೆಯ ಮೇಲಿಟ್ಟ. "ಹೆಂಗಸರ ಕೈಗೆ ಇದೇ ಸರಿ," ಎಂದ.

ಜಿಗಣಿಯಿಂದ ಎರಡು ಮೈಲಿ ಆಚೆ, ಹಿಂದೊಮ್ಮೆ ರಾಗಿ ಹೊಲವಾಗಿದ್ದ ಜಾಗದಲ್ಲಿ ನಲವತ್ತೇಳನೇ ನಂಬರಿನ ಸೈಟು ಅವಳದು. ಗಂಡ ಬಸಲಿಂಗ ೨೦೦೭ರಲ್ಲಿ ಕೊಂಡದ್ದು. ಮನೆ ಕಟ್ಟುವುದಕ್ಕೆ ಇನ್ನೂ ಕಾಲವಿದೆ, ಅಲ್ಲಿಯವರೆಗೆ ಕೈತೋಟವಾದರೂ ಇರಲಿ ಎಂದು ಪ್ರತಿ ಭಾನುವಾರ ಹೋಗಿ ನುಗ್ಗೆ, ಕರಿಬೇವು, ಬದನೆ ಹಾಕಿದ್ದ. ಹಿಂಬದಿಗೆ ಬೇಲಿಯಾಗಲಿ ಎಂದು ಲಂಟಾನದ ಕಡ್ಡಿಗಳನ್ನು ತಾನೇ ತಂದು ನೆಟ್ಟಿದ್ದ. ಅದು ಬೇಡ, ಹಬ್ಬುತ್ತದೆ ಎಂದು ಶೈಲಾ ಹೇಳಿದ್ದಳು. "ಹೂವು ಚಂದ ಅದಾವಲ್ಲ," ಎಂದಿದ್ದ. ಅವನು ತೀರಿಹೋದ ಮೇಲೆ ಅವಳು ಆ ಕಡೆ ತಲೆಹಾಕಿರಲಿಲ್ಲ. ಲಂಟಾನ ಮಾತ್ರ ತನ್ನ ಕೆಲಸ ತಾನು ಮಾಡಿತ್ತು. ನುಗ್ಗೆಯನ್ನು, ಬದನೆಯ ಸಾಲುಗಳನ್ನು ನುಂಗಿ, ಸೈಟಿನ ಮುಕ್ಕಾಲು ಭಾಗ ಆಳೆತ್ತರ ಬೆಳೆದು ನಿಂತಿತ್ತು.

ಅದು ಹಾಗೇ ಇರುತ್ತಿತ್ತೇನೋ. ಆದರೆ ಪಕ್ಕದ ನಲವತ್ತೆಂಟರ ವೆಂಕಟೇಶಪ್ಪನವರು ಗುರುವಾರ ಫೋನು ಮಾಡಿದ್ದರು.

"ಸೋಮವಾರ ಪಾಯಕ್ಕೆ ದಾರ ಕಟ್ಟಿಸ್ತಿದೀನಮ್ಮ. ನಿಮ್ಮ ಹಿಂದಿನ ಮೂಲೆ ಕಲ್ಲು ಇದ್ರೆ ತೋರಿಸಿ, ಅಲ್ಲಿಂದ್ಲೇ ಕಟ್ಟಿಸ್ತೀನಿ. ಇಲ್ದಿದ್ರೆ ನನ್ನ ಅಳತೆ ಪ್ರಕಾರ ಹೋಗ್ತೀನಿ."

"ನಿಮ್ಮ ಅಳತಿ ಎಲ್ಲಿಗೆ ಬರ್ತದ್ರಿ?"

"ನಿಮ್ಮ ಕಡೆ ಒಂದ್ ಮೂರಡಿ ಬರುತ್ತೆ."

ಸಂಗತಿ ಇಷ್ಟೇ. ನಲವತ್ತೊಂಬತ್ತರವನು ಗೋಡೆ ಕಟ್ಟುವಾಗ ವೆಂಕಟೇಶಪ್ಪನವರ ಕಡೆ ಮೂರಡಿ ಒತ್ತಿದ್ದ. ಅವನ ಜೊತೆ ಜಗಳವಾಡುವ ಬದಲು ಅವರು ಆ ಮೂರಡಿಯನ್ನು ಈ ಕಡೆ ತಳ್ಳುತ್ತಿದ್ದರು. ಮುಂದಿನ ಕಲ್ಲುಗಳು ರಸ್ತೆ ಎತ್ತರಿಸಿದಾಗ ಮಣ್ಣಿನಡಿ ಸೇರಿದ್ದವು. ಉಳಿದದ್ದು ನಲವತ್ತೇಳಕ್ಕೂ ನಲವತ್ತೆಂಟಕ್ಕೂ ನಡುವಿನ ಹಿಂದಿನ ಮೂಲೆಯ ಕಲ್ಲೊಂದೇ. ಅದು ಲಂಟಾನದೊಳಗೆ ಇರಬೇಕಿತ್ತು.

"ಬೇಕಿದ್ರೆ ನನ್ನ ಜೆಸಿಬಿ ಬರುತ್ತೆ, ನಿಮ್ಮದನ್ನೂ ಕ್ಲೀನ್ ಮಾಡಿಸ್ಕೊಡ್ತೀನಿ," ಎಂದೂ ಹೇಳಿದ್ದರು. ಜೆಸಿಬಿ ಬಂದರೆ ಗಿಡದ ಜೊತೆಗೆ ಕಲ್ಲೂ ಎದ್ದು ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಜಿಗಣಿಯ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಶನಿವಾರಕ್ಕೆ ರಜೆ ಹಾಕಿ ಬಂದಿದ್ದಳು. ಎರಡು ದಿನ ಇತ್ತು.

ಕುಡುಗೋಲು ಹುಲ್ಲನ್ನು ಕತ್ತರಿಸಿತು. ಕಾಂಗ್ರೆಸ್ ಗಿಡವನ್ನೂ ಒಂದಿಷ್ಟು ಕತ್ತರಿಸಿತು. ಲಂಟಾನದ ಮೊದಲ ಕಾಂಡಕ್ಕೆ ಹಾಕಿ ಎಳೆದಾಗ ಹಲ್ಲುಗಳು ಅಲ್ಲೇ ಕಚ್ಚಿಕೊಂಡು ನಿಂತವು. ಬಿಡಿಸಿಕೊಳ್ಳಲು ಜಗ್ಗಿದರೆ ಹಿಡಿಯೇ ಕೈಗೆ ಬಂತು. ಶೈಲಾ ಹಿಡಿಯನ್ನೂ ಅಲಗನ್ನೂ ಚೀಲಕ್ಕೆ ಹಾಕಿಕೊಂಡು, ಬಿಸಿಲಲ್ಲಿ ನಡೆದು, ಬಸ್ಸು ಹಿಡಿದು, ಮತ್ತೆ ಆನೇಕಲ್ಲಿಗೆ ಹೋದಳು.

"ಲಂಟಾನಕ್ಕೆ ಕುಡುಗೋಲು ಹಾಕಿದ್ರಾ ಮೇಡಂ?" ಅಂಗಡಿಯವನಿಗೆ ನಗು. "ಮೊದ್ಲೇ ಹೇಳ್ಬಾರ್ದಾ?"

"ಎಲ್ಲಾ ಐತಿ ಅಂತ ಹೇಳಿದ್ನಲ್ರಿ, ಮುಳ್ಳೂ ಬಂತಲ್ರಿ."

"ಮುಳ್ಳು ಅಂದ್ರೆ ನಾನು ನಾಚಿಕೆಮುಳ್ಳು ಅನ್ಕೊಂಡೆ. ಇದು ತಗೊಳಿ." ಮುಂದೆ ಕೊಕ್ಕೆಯಂತೆ ಬಾಗಿದ ಹೊಸ ಮಚ್ಚೊಂದನ್ನು ಹಳೇ ಪೇಪರಿನಲ್ಲಿ ಸುತ್ತಿದ. "ಒಂದೇ ಏಟು."

ಒಂದೇ ಏಟಿಗೆ ಕಾಂಡ ಬಾಗಿತು, ಅಷ್ಟೇ. ಎರಡನೆಯದಕ್ಕೆ ಮಚ್ಚು ಪುಟಿದು ಅವಳ ಮೊಣಕಾಲಿನ ಹತ್ತಿರದಿಂದ ಹೋಯಿತು. ಹತ್ತು ಏಟಿಗೆ ಸಿಪ್ಪೆ ಜಜ್ಜಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಮೂರು ಗಂಟೆಯ ಹೊತ್ತಿಗೆ ಎರಡು ಮಾರು ಜಾಗ ತೆರವಾಗಿತ್ತು. ಹಿಂದಿನ ಮೂಲೆಗೆ ಇನ್ನೂ ನಲವತ್ತು ಅಡಿ. ಅವಳು ಮಚ್ಚನ್ನು ನೆಲಕ್ಕೆ ಎಸೆದು ನಿಂತಳು. ಅಳು ಬರಲಿಲ್ಲ. ಬಂದರೆ ಒಳ್ಳೆಯದಿತ್ತು ಅನ್ನಿಸಿತು.

"ಏನವ್ವ, ಅದೇನ್ ಮಾಡಿತ್ತು ನಿಂಗೆ? ಇಷ್ಟೊತ್ತಿಂದ ಬಡೀತಿದೀಯ?"

ರಸ್ತೆಯಂಚಿನಲ್ಲಿ ನಾಗಲಕ್ಷ್ಮಮ್ಮ ನಿಂತಿದ್ದರು. ಲೇಔಟಿನ ಮೂಲೆಯಲ್ಲಿ ಎರಡು ಹಸು ಕಟ್ಟಿಕೊಂಡು ಉಳಿದಿದ್ದ ಹಂಚಿನ ಮನೆ ಅವರದು. ಈ ರಾಗಿ ಹೊಲವನ್ನು ಸೈಟು ಮಾಡಿ ಮಾರಿದ ನಂಜಪ್ಪ ಅವರ ಮಾವ. ನಾಗಲಕ್ಷ್ಮಮ್ಮ ಮಚ್ಚನ್ನು ನೆಲದಿಂದ ಎತ್ತಿ ಅಲಗಿನ ಮೇಲೆ ಹೆಬ್ಬೆರಳು ಎಳೆದರು.

"ಬಾಯೇ ಇಲ್ವಲ್ಲ ಇದಕ್ಕೆ. ಇದು ಮಚ್ಚಲ್ಲ ಕಣವ್ವ, ಕಬ್ಬಿಣದ ಪಟ್ಟಿ. ಅಂಗಡೀಲಿ ಮಸೆದು ಕೊಡಲ್ಲ, ತಗಂಡೋರೇ ಮಸ್ಕಬೇಕು."

"ಅವ ಹೇಳ್ಲಿಲ್ರಿ."

"ಎಲ್ರಿಗೂ ಗೊತ್ತಿರೋದನ್ನ ಯಾರು ಯೋಳ್ತಾರೆ?"

ಎಲ್ಲರಿಗೂ ಗೊತ್ತಿದ್ದದ್ದು ತನಗೆ ಮಾತ್ರ ಗೊತ್ತಿರಲಿಲ್ಲ. ಶೈಲಾ ತುಟಿ ಕಚ್ಚಿಕೊಂಡು ಅವರ ಹಿಂದೆ ನಡೆದಳು.

ಮನೆಯ ಪಕ್ಕದಲ್ಲಿ ನಲ್ಲಿ, ನಲ್ಲಿಯ ಹತ್ತಿರ ಅಡ್ಡ ಮಲಗಿದ್ದ ಉದ್ದನೆಯ ಕಲ್ಲು. ಮೇಲ್ಮೈ ಮಸೆದು ಮಸೆದು ನಡುವೆ ತಗ್ಗಾಗಿತ್ತು. "ನೀರು ಹಾಕ್ಕಂಡು ಒಂದೇ ಕಡೆಗೆ ಎಳಿ, ಹಿಂದಕ್ಕೂ ಮುಂದಕ್ಕೂ ಉಜ್ಬೇಡ," ಎಂದು ಹೇಳಿ ನಾಗಲಕ್ಷ್ಮಮ್ಮ ಹಸುವಿಗೆ ಹಿಂಡಿ ಕಲಸಲು ಕೂತರು. "ನಿನ್ನ ಗಂಡಾನೂ ಇಲ್ಲೇ ಮಸೀತಿದ್ದ. ನಮ್ಮ ಮಚ್ಚೇ ತಗಂಡು ಓಗೋನು. ಬಾನುವಾರ ಬಾನುವಾರ ಇದೇ ಕಲ್ಲಿನ ಮುಂದೆ ಕೂತ್ಕಂಡು, ನಿಮ್ಮ ಕಡೆ ಮಾತಲ್ಲಿ ಅದೇನೇನೋ ಯೋಳಿ ನಗಸೋನು."

ಶೈಲಾ ಮಚ್ಚು ಎಳೆದಳು. ಕಲ್ಲು ಅಲ್ಲಾಡಿತು. ಮತ್ತೆ ಎಳೆದಳು, ಮತ್ತೆ ಅಲ್ಲಾಡಿತು. ಇವತ್ತು ಯಾವುದೂ ನೆಟ್ಟಗೆ ನಿಲ್ಲುವುದಿಲ್ಲವೇ ಎಂದು ಸಿಟ್ಟು ಬಂದು, ಕೆಳಗೆ ಚಪ್ಪಟೆ ಕಲ್ಲು ಕೊಡೋಣವೆಂದು ಅದನ್ನು ಎರಡೂ ಕೈಯಲ್ಲಿ ಎತ್ತಿ ಹೊರಳಿಸಿದಳು.

ಕಲ್ಲಿನ ಅಡಿಗೆ ಮೆತ್ತಿದ್ದ ಮಣ್ಣಿನಲ್ಲಿ ಕೆಂಪು ಬಣ್ಣ ಕಂಡಿತು. ನೀರು ಸುರಿದಳು. ಒಂದು ಮುಖದಲ್ಲಿ 47. ಪಕ್ಕದ ಮುಖದಲ್ಲಿ 48.

"ಇದು ಎಲ್ಲಿಂದ ಬಂತ್ರಿ?"

"ಯಾವ್ದು? ಕಲ್ಲಾ? ನಮ್ಮ ಮುನಿಕೃಷ್ಣ ತಂದಿದ್ದು, ಐದ್ ವರ್ಸ ಆಯ್ತು. ಟ್ರಾಕ್ಟ್ರು ತಗುಲಿ ಬಿದ್ದಿತ್ತಂತೆ. ಮಸೆಯಾಕೆ ಚಂದಾಗೈತೆ ಅಂತ ನನ್ನ ಮಗ ಎತ್ಕಂಬಂದ."

"ಇದು ನಮ್ಮ ಮೂಲಿ ಕಲ್ಲು."

ನಾಗಲಕ್ಷ್ಮಮ್ಮ ಹಿಂಡಿಯ ಕೈಯಲ್ಲೇ ಎದ್ದು ಬಂದು ನೋಡಿದರು. "ಅಯ್ಯೋ ಶಿವನೇ," ಎಂದರು ಮೆಲ್ಲಗೆ. "ಅಂಕಿ ಅಡೀಗೆ ಆಗಿತ್ತಲ್ಲವ್ವ. ಯಾರು ಮಗುಚಿ ನೋಡಿದ್ರು?"

ಬಸಲಿಂಗನೂ ನೋಡಿರಲಿಲ್ಲ. ತನ್ನ ಸೈಟಿನ ಕಲ್ಲಿನ ಮೇಲೆಯೇ ಮಚ್ಚು ಮಸೆದು, ನಕ್ಕು ನಗಿಸಿ, ಹೋಗಿ ಅದೇ ಸೈಟಿನ ಬದನೆ ಪಾತಿ ಸರಿಮಾಡಿದ್ದ. ಹಿಂದಿನ ಮೂಲೆಗೆ ಲಂಟಾನ ನೆಟ್ಟಾಗಲೂ ಅಲ್ಲಿ ಕಲ್ಲಿದೆಯೋ ಇಲ್ಲವೋ ನೋಡಿರಲಿಲ್ಲ. ಶೈಲಾಳಿಗೆ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ಎದುರಿಗೆ ಇದ್ದಿದ್ದರೆ ಬೈಯುತ್ತಿದ್ದಳು. ಇರಲಿಲ್ಲ. ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಮಚ್ಚನ್ನು ಕಲ್ಲಿನ ಮೇಲೆ ಎಳೆಯುತ್ತಲೇ ಹೋದಳು.

"ಸಾಕು ಬಿಡವ್ವ, ಸವೆದೋಯ್ತದೆ," ಎಂದರು ನಾಗಲಕ್ಷ್ಮಮ್ಮ. ಆಮೇಲೆ ಕೈಯ ಹಿಂಡಿ ಒರೆಸಿಕೊಂಡು, "ಕಲ್ಲು ಓದ್ರೆ ಓಗ್ಲಿ. ಇದ್ದಿಲು ಇರ್ತದೆ," ಎಂದರು.

"ಏನ್ ಇದ್ದಿಲು?"

"ನಮ್ಮ ಮಾವ ಕಲ್ಲು ನೆಡಿಸೋವಾಗ ಒಂದೊಂದು ಗುಣೀಗೂ ಒಂದೊಂದು ಬೊಗಸೆ ಇದ್ದಿಲು ಆಕ್ಸಿದ್ರು. ಅವ್ರ ಕಾಲದ ಪದ್ದತಿ ಅದು. ಕಲ್ಲನ್ನ ಯಾವನಾದ್ರೂ ಕಿತ್ತು ಆಚೆಗಿಟ್ರೂ ಇದ್ದಿಲು ಸುಳ್ ಯೋಳಲ್ಲ ಅನ್ನೋರು."

ಇದ್ದಿಲು ಕೊಳೆಯುವುದಿಲ್ಲ. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದ ಶೈಲಾಳಿಗೆ ಇದೊಂದಾದರೂ ಗೊತ್ತಿತ್ತು.

ಬಾಯಿ ಬಂದ ಮಚ್ಚು ಬೇರೆಯದೇ ಮಚ್ಚು. ಭಾನುವಾರ ಬೆಳಿಗ್ಗೆ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಶುರುಮಾಡಿದವಳು, ಕೊಕ್ಕೆಯಿಂದ ಕಾಂಡವನ್ನು ಎಳೆದು ಬುಡಕ್ಕೆ ಓರೆಯಾಗಿ ಹೊಡೆಯುತ್ತ, ಹನ್ನೆರಡಕ್ಕೆ ಹಿಂದಿನ ಬದು ಮುಟ್ಟಿದಳು. ನಾಗಲಕ್ಷ್ಮಮ್ಮನ ಮಗ ಮುನಿಕೃಷ್ಣ ತಪ್ಪಿತಸ್ಥನಂತೆ ತಲೆ ತಗ್ಗಿಸಿಕೊಂಡು ಸನಿಕೆ ಹೊತ್ತು ಬಂದ.

"ಅಕ್ಕ, ನಾನು ಅಗೆದು ಕೊಡ್ತೀನಿ. ಅರ್ಧ ಗಂಟೆ ಕೆಲ್ಸ."

"ಬ್ಯಾಡಪ್ಪ. ಸನಿಕಿ ಹಾಕಿದ್ರ ಮಣ್ಣು, ಇದ್ದಿಲು ಎಲ್ಲಾ ಕಲಸಿಹೋಗ್ತದ. ಯಾವ ಜಾಗದಾಗ ಇತ್ತು ಅಂತ ಹೆಂಗ ತೋರಸೋದು?"

"ಮತ್ತೆ ಕೈಯಲ್ಲಿ ಕೆರೀತೀರಾ?"

ನಾಗಲಕ್ಷ್ಮಮ್ಮ ಮನೆಗೆ ಹೋಗಿ, ಕಳೆ ತೆಗೆಯುವ ಕುರ್ಪಿ ತಂದು ಅವಳ ಮುಂದೆ ನೆಲದ ಮೇಲಿಟ್ಟರು. "ಕೈಯಿಂದ ಕೈಗೆ ಕೊಡಬಾರ್ದು, ಜಗಳ ಆಯ್ತದೆ. ಎತ್ಕೋ."

ಗೇಣುದ್ದದ ಸಾಮಾನು. ಹಾವೇರಿ ಕಡೆಯ ಶೇಂಗಾ ಹೊಲದಲ್ಲಿ ಅವಳ ತಾಯಿ ಇಂಥದ್ದನ್ನೇ ಹಿಡಿದು ಸಾಲಿನುದ್ದಕ್ಕೂ ಕುಕ್ಕರಗಾಲಲ್ಲಿ ಸರಿಯುತ್ತಿದ್ದಳು. ಶೈಲಾಳನ್ನು ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. "ನೀ ಪುಸ್ತಕ ಹಿಡಿ," ಅನ್ನುತ್ತಿದ್ದಳು. ಎರಡು ಸಲ ಆನೇಕಲ್ಲಿಗೆ ಹೋಗಿ ಬಂದರೂ ಇದನ್ನು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ಒಂದೊಂದೇ ಪದರ ಕೆರೆಯುತ್ತ ಹೋದಳು. ಮೊದಲು ಕಪ್ಪಗೆ ಕಂಡದ್ದು ಸುಟ್ಟ ಪ್ಲಾಸ್ಟಿಕ್ಕು. ಆಮೇಲೆ ಕಂಡದ್ದು ಕೊಳೆತ ಬೇರು. ಮೂರನೆಯ ಸಲ ಕೆಂಪು ಮಣ್ಣಿನ ನಡುವೆ ತಟ್ಟೆಯಗಲದ ಸಡಿಲ ಮಣ್ಣು ಸಿಕ್ಕಿತು. ಅದರಡಿ ಒಂದು ಚೂರು. ಬೆರಳಲ್ಲಿ ಉಜ್ಜಿದರೆ ಕಪ್ಪು ಹತ್ತಿತು. ಇನ್ನೊಂದು ಚೂರು, ಮತ್ತೊಂದು. ನಡುವೆ ಲಂಟಾನದ ಹೆಬ್ಬೆರಳು ಗಾತ್ರದ ಬೇರೊಂದು ಅಡ್ಡ ಹಾದಿತ್ತು. ಕುರ್ಪಿಗೆ ಅದನ್ನು ಕತ್ತರಿಸುವ ಶಕ್ತಿ ಇರಲಿಲ್ಲ. ಇದರ ಕಾಟ ಇಲ್ಲಿಗೂ ಬಂತಲ್ಲ ಎಂದುಕೊಂಡು ಅದನ್ನು ಹಾಗೇ ಬಿಟ್ಟು, ಸುತ್ತ ಬಿಡಿಸಿ, ಮೇಲೆ ಬಾಂಡ್ಲಿ ಮಗುಚಿ ಹೋದಳು.

ಸೋಮವಾರ ಏಳು ಗಂಟೆಗೇ ಮೇಸ್ತ್ರಿ ಬೈರಪ್ಪ ಗೂಟ ಹೊಡೆದಿದ್ದ. ದಾರ ಅವಳ ಸೈಟಿನೊಳಗೆ ಮೂರಡಿ ಬಂದಿತ್ತು. ಶೈಲಾ ಬಾಂಡ್ಲಿ ಎತ್ತಿದಳು. ವೆಂಕಟೇಶಪ್ಪನವರು ಬಗ್ಗಿ ನೋಡಿ ನೆಟ್ಟಗಾದರು.

"ಕಲ್ಲು ಎಲ್ಲಮ್ಮ?"

"ನಾಗಲಕ್ಷ್ಮಮ್ಮನ ಮನ್ಯಾಗ ಐತ್ರಿ. ಟ್ರ್ಯಾಕ್ಟರ್ ತಾಗಿ ಎದ್ದಿತ್ತು. ಇದ್ದಿಲು ಇಲ್ಲೇ ಐತಲ್ರಿ."

"ಇದ್ದಿಲು ಯಾರ್ ಬೇಕಾದ್ರೂ ಹಾಕಬಹುದು. ತಪ್ಪು ತಿಳ್ಕೋಬೇಡಿ, ನಿನ್ನೆ ನೀವೇ ತಂದು ಸುರಿದಿದ್ರೆ ನಂಗೇನ್ ಗೊತ್ತಾಗತ್ತೆ?"

ಶೈಲಾ ಬಟ್ಟೆ ಸುತ್ತಿದ ಅಂಗೈ ನೋಡಿಕೊಂಡಳು. ಎರಡು ದಿನ, ಎರಡು ಕೈ, ಮೂರು ಆಯುಧ. ನಂಜಪ್ಪ ಬದುಕಿರಲಿಲ್ಲ, ಬಸಲಿಂಗ ಬದುಕಿರಲಿಲ್ಲ. ಸಾಕ್ಷಿ ಹೇಳಬೇಕಾದವರೆಲ್ಲ ಹೋಗಿ ಕೂತಿದ್ದರು.

ಬೈರಪ್ಪ ಬೀಡಿ ಆರಿಸಿ ಗುಂಡಿಯ ಪಕ್ಕ ಕುಕ್ಕರಿಸಿದ. ಎರಡು ಬೆರಳಲ್ಲಿ ಮಣ್ಣು ಸರಿಸಿದ. ಆ ಬೇರು ಇದ್ದಿಲ ಚೂರೊಂದನ್ನು ಸೀಳಿಕೊಂಡು ಹೋಗಿತ್ತು. ಇನ್ನೆರಡು ಚೂರು ಅದರ ಕವಲುಗಳ ನಡುವೆ ಹಲ್ಲಿಗೆ ಸಿಕ್ಕ ಅಡಿಕೆಯಂತೆ ಬಿಗಿದಿದ್ದವು.

"ನೋಡಿ ಸಾ," ಎಂದ. "ನಿನ್ನೆ ಸುರ್ದಿದ್ರೆ ಬೇರು ಒಂದೇ ರಾತ್ರೀಲಿ ತೂರ್ಕಂತಾ?"

"ಲಂಟಾನ ಎಷ್ಟು ದಿನದ್ದೋ."

"ನಾಕ್ ವರ್ಸ ಆತ್ರಿ," ಎಂದಳು ಶೈಲಾ. "ನಮ್ಮ ಮನಿಯವ್ರೇ ನೆಟ್ಟಿದ್ದು."

ಬೈರಪ್ಪ ಎದ್ದು ಹೋಗಿ ತಾನೇ ಹೊಡೆದ ಗೂಟ ಕಿತ್ತ.

"ಏಯ್, ನಾನ್ ಹೇಳ್ದೆನೇನಯ್ಯ?"

"ಇದ್ದಿಲು ಕಂಡ್ಮೇಲೆ ಅದನ್ನ ದಾಟಿ ದಾರ ಕಟ್ಟಲ್ಲ ಸಾ ನಾನು. ಬೇರೆಯೋರನ್ನ ಕರ್ಸ್ಕಳಿ."

"ಹಂಗಾದ್ರೆ ನನ್ನ ಮೂರಡಿ?"

"ಅದು ಆ ಕಡೆ ಗೋಡೆ ಒಳಗೈತೆ. ಅವ್ರನ್ನ ಕೇಳಿ."

ವೆಂಕಟೇಶಪ್ಪನವರು ನಲವತ್ತೊಂಬತ್ತರ ಗೋಡೆಯ ಕಡೆ ನೋಡಿದರು. ಅದರ ಮೇಲೆ ಗಾಜಿನ ಚೂರು ನೆಟ್ಟಿತ್ತು. ಮೊಬೈಲು ತೆಗೆದುಕೊಂಡು ಆ ಕಡೆ ನಡೆದರು. ಬೈರಪ್ಪ ಹೊಸ ಗೂಟ ಹೊಡೆದು ದಾರ ಎಳೆದ.

ಹತ್ತು ಗಂಟೆಗೆ ಮುನಿಕೃಷ್ಣ ಕಲ್ಲನ್ನು ತಳ್ಳುಗಾಡಿಯಲ್ಲಿ ತಂದು, ಇದ್ದಿಲ ಮೇಲೆಯೇ ನಿಲ್ಲಿಸಿ, ಮಣ್ಣು ದಬ್ಬಿದ. ನಾಗಲಕ್ಷ್ಮಮ್ಮ ಹಿಂದೆಯೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಎಲ್ಲಾ ಸರಿ. ಇನ್ಮೇಲೆ ನಾವೆಲ್ಲಿ ಮಸೆಯಾನ?"

"ಇಲ್ಲೇ ಬಂದು ಮಸೀರಿ."

"ನಿಂತಿರೋ ಕಲ್ಲಲ್ಲಿ ಯಾರಾದ್ರೂ ಮಸೀತಾರಾ? ಓದಿದೋಳು ನೀನು," ಎಂದು ಗೊಣಗುತ್ತ ಅವರು ಕುರ್ಪಿ ಎತ್ತಿಕೊಂಡು ಹೋದರು.

ಸೈಟಿನ ಅರ್ಧಕ್ಕಿಂತ ಹೆಚ್ಚು ಇನ್ನೂ ಹಾಗೇ ಇತ್ತು. ನುಗ್ಗೆ ಗಿಡ ಬದುಕಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಲ್ಯಾಬಿಗೆ ಮಧ್ಯಾಹ್ನದ ಪಾಳಿಗೆ ಬರುತ್ತೇನೆಂದು ಹೇಳಿದ್ದಳು, ಇನ್ನೂ ಎರಡು ಗಂಟೆ ಇತ್ತು. ಮಚ್ಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದಳು. ಬಾಯಿ ಹೋಗಿತ್ತು.

ಸವೆದ ತಗ್ಗು ಅವಳ ಸೈಟಿನ ಕಡೆಗೇ ಇತ್ತು. ಶೈಲಾ ಕಲ್ಲಿನ ಮುಂದೆ ಕುಕ್ಕರಿಸಿ, ಬಾಟಲಿಯ ನೀರು ಚಿಮುಕಿಸಿ, ಮಚ್ಚನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಎಳೆದಳು. ಸ್ವಲ್ಪ ಕಷ್ಟವಾಯಿತು. ಕಲ್ಲು ಅಲ್ಲಾಡಲಿಲ್ಲ.