ಹಿಸ್ಟರಿ ಬೇಕೆಂದವಳು

"ನಮ್ಮ ಬೀದಿ ಕೊನೇಲಿ ಒಂದು ಬಾವಿ ಮುಚ್ಚಿಹಾಕಿದಾರೆ ಮೇಡಂ. ಯಾರು ತೋಡಿಸಿದ್ರು, ಯಾಕೆ ಮುಚ್ಚಿದ್ರು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾರ ಮಾತು ನಿಜ ಅಂತ ಕಂಡುಹಿಡಿಯೋದನ್ನ ಹಿಸ್ಟರೀಲಿ ಕಲಿಸ್ತೀರಾ?"

ಕಾಲೇಜಿಗೆ ಸೇರಲು ಬಂದವರಿಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಸಲಹೆ ಕೊಡಲು ಕೂತಿದ್ದ ಚರಿತ್ರೆಯ ಮೇಡಂ ತಲೆಯೆತ್ತಿದರು. ಬೇರೆಲ್ಲೂ ಸೀಟು ಸಿಗದವರೇ ಅವರ ಮೇಜಿಗೆ ಬರುತ್ತಿದ್ದದ್ದು. ಇಷ್ಟು ವರ್ಷದ ನೌಕರಿಯಲ್ಲಿ ಹೀಗೆ ಕೇಳಿಕೊಂಡು ಬಂದವಳು ಇವಳೊಬ್ಬಳೇ.

ಹುಡುಗಿಯ ಹಿಂದೆ ಅವಳಪ್ಪ ನಿಂತಿದ್ದ. ಲಿಫ್ಟ್ ರಿಪೇರಿ ಕೆಲಸದವನು, ಬೆರಳಿಗೆ ಮೆತ್ತಿದ್ದ ಗ್ರೀಸನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ, "ಇವಳಿಗೆ ಇದೊಂದು ಹುಚ್ಚು. ನೀವು ಹೇಳಿದ ಹಾಗೇ ಆಗ್ಲಿ ಮೇಡಂ. ಓದಿದವರು, ನಿಮಗೆ ಗೊತ್ತಿರುತ್ತೆ," ಎಂದ.

ಮೇಡಂ 'ಬಾ ತಾಯಿ' ಅನ್ನಬೇಕಿತ್ತು. ಮಾತು ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಹಿಂದಿನ ಸಂಜೆಯ ಸಂಗತಿ ಅಡ್ಡ ಬಂತು. ಚಪ್ಪಲಿ ಅಂಗಡಿಯಲ್ಲಿ ಅವರ ಕಾಲಬಳಿ ಕೂತು ಅಳತೆ ನೋಡಿದವನು ಅವರದೇ ಹಳೆಯ ವಿದ್ಯಾರ್ಥಿ, ತರಗತಿಗೇ ಮೊದಲಿಗ. ಪಟ್ಟಿ ಬಿಗಿಯುತ್ತ, "ಹಿಸ್ಟರಿ ಓದಿದ್ರೆ ಕೆಲಸ ಸಿಗಲ್ಲ ಅಂತ ಆವತ್ತೇ ಒಂದು ಮಾತು ಹೇಳಬಹುದಿತ್ತು ನೀವು," ಎಂದಿದ್ದ. ದನಿಯಲ್ಲಿ ಕೋಪವಿರಲಿಲ್ಲ. ಅವರನ್ನು ಕೊರೆದದ್ದು ಅದೇ.

"ಕಾಮರ್ಸ್ ತಗೋಮ್ಮಾ," ಅಂದರು. "ಚರಿತ್ರೆ ಎಲ್ಲಿ ಓಡಿಹೋಗುತ್ತೆ, ಬಿಡುವಾದಾಗ ಓದ್ಕೋಬಹುದು."

"ನೀವೇ ಹಾಗಂತೀರಾ?" ಎಂದಷ್ಟೇ ಕೇಳಿ ಹುಡುಗಿ ಅಪ್ಪನ ಜೊತೆ ಪಕ್ಕದ ಕಾಮರ್ಸ್ ಮೇಜಿಗೆ ಹೋದಳು. ಅಪ್ಪನ ಮುಖ ನಿರಾಳವಾದದ್ದು ಕಂಡು, ಒಳ್ಳೆಯದನ್ನೇ ಮಾಡಿದೆ ಎಂದುಕೊಂಡರು ಮೇಡಂ.

ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಅವರ ತರಗತಿಯಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುವವರಿದ್ದರು, ಬಾಯಿ ತುಂಬ ಆಕಳಿಸುವವರಿದ್ದರು. 'ಅದೇ ನಿಜ ಅಂತ ಹೇಗೆ ಹೇಳ್ತೀರಿ?' ಎನ್ನುವವರು ಮಾತ್ರ ಒಬ್ಬರೂ ಇರಲಿಲ್ಲ. ಪಾಠದ ನಡುವೆ ಮೇಡಂ ಯಾರದೋ ದಾರಿ ಕಾಯುವವರಂತೆ ಬಾಗಿಲ ಕಡೆ ನೋಡುತ್ತಿದ್ದರು. ವರ್ಷ ಮುಗಿಯುವ ಹೊತ್ತಿಗೆ ತಡೆಯಲಾಗದೆ ಪ್ರಿನ್ಸಿಪಾಲರ ಬಳಿ ಹೋಗಿ, ಆ ಹುಡುಗಿಯನ್ನು ಹಿಸ್ಟರಿಗೆ ಬದಲಿಸಿಕೊಡಿ ಎಂದು ಕೇಳಿದರು. "ನಿಮಗ್ಯಾಕೆ ಇಲ್ಲದ ಉಸಾಬರಿ," ಎಂದು ಗೊಣಗಿದರೂ ಪ್ರಿನ್ಸಿಪಾಲರು ಒಪ್ಪಿಕೊಂಡರು.

ಮೇಡಂ ಏದುಸಿರು ಬಿಡುತ್ತ ಮಹಡಿ ಹತ್ತಿ, ಕಾಮರ್ಸ್ ತರಗತಿಯ ಬಾಗಿಲಲ್ಲಿ ಅವಳನ್ನು ಹಿಡಿದು ವಿಷಯ ಹೇಳಿದರು.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. "ಬೇಡ ಮೇಡಂ," ಅಂದಳು ನಗುತ್ತಲೇ. "ಮೊದಮೊದಲು ತುಂಬ ಕಷ್ಟ ಆಯ್ತು. ಈಗ ಅಭ್ಯಾಸ ಆಗಿದೆ."

"ನಾನು ಅವತ್ತು ತಪ್ಪು ಹೇಳ್ದೆ ಕಣಮ್ಮ."

"ಅಯ್ಯೋ, ಇಲ್ಲ ಮೇಡಂ. ನೀವು ಹೇಳಿದ್ದೇ ಸರಿ. ಅಪ್ಪ ಈಗಲೂ ನಿಮ್ಮನ್ನ ನೆನೆಸ್ಕೊಳ್ತಾರೆ."

ಗಂಟೆ ಹೊಡೆಯಿತು. ಹುಡುಗಿ ಒಳಗೆ ಹೋಗಿ ಕೂತು, ಅಡಿಕೋಲು ತೆಗೆದು ಬಿಳಿಹಾಳೆಯ ಅಂಚಿಗೆ ನೆಟ್ಟಗೆ ಒಂದು ಗೆರೆ ಎಳೆದಳು. ಅದರ ಪಕ್ಕಕ್ಕೆ ಇನ್ನೊಂದು, ಜಮಾಖರ್ಚಿನ ಖಾನೆಗಳಿಗೆ. ಮೇಡಂ ನೋಡುತ್ತ ನಿಂತೇ ಇದ್ದರು. ಪಾಠಕ್ಕೆ ಬಂದ ಮೇಷ್ಟ್ರು, "ಸ್ವಲ್ಪ ದಾರಿ ಬಿಡ್ತೀರಾ?" ಅಂದಾಗ ಬಾಗಿಲಿನಿಂದ ಪಕ್ಕಕ್ಕೆ ಸರಿದರು.