ಹಗ್ಗದ ತುದಿಯ ಗಂಟು

ಕಾಗೆ ಮುಂದೆ, ಕಂಬ ಹಿಂದೆ — ಅರೆ, ಎರಡರ ನಡುವೆ ಜಾಗ ಇದೆ, ಗಾಳಿ ಆಡುವಷ್ಟು ಜಾಗ, ಮೂವತ್ತನಾಲ್ಕು ವರ್ಷ ಈ ಗಂಗೊಳ್ಳಿ ಧಕ್ಕೆಯಲ್ಲಿ, ಬೋಟು ಕಟ್ಟುವ ಈ ಕಟ್ಟೆಯಲ್ಲಿ, ಕಾಗೆಯನ್ನೂ ಕಂಬವನ್ನೂ ಒಂದೇ ಗೋಡೆಗೆ ಅಂಟಿಸಿದ ಹಾಗೆ ನೋಡಿದವನು ನಾನು, ಇವತ್ತು ಕಾಗೆ ಎದ್ದು ಮುಂದೆ ಬಂದು ಕೂತಿದೆ, ಅಯ್ಯೋ ದೇವರೇ, ನಗು ತಡೆಯಲಾಗುತ್ತಿಲ್ಲ, ನಿನ್ನೆ ಕುಂದಾಪುರದ ಆಸ್ಪತ್ರೆಯಿಂದ ಬರುವ ಬಸ್ಸು ತಲ್ಲೂರು ದಾಟುವಾಗಲೂ ಹಾಗೇ, ಎದುರಿನ ಲಾರಿ ಉಬ್ಬಿಕೊಂಡು ಬಂದು ನಾನು ಸೀಟಿನಲ್ಲೇ ಹಿಂದೆ ಸರಿದೆ, ಕಿಟ್ಟ, ಹುಚ್ಚನ ಹಾಗೆ ನಗಬೇಡ, ಜನ ನೋಡುತ್ತಾರೆ, ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ — ನೋಡಲಿ ಬಿಡು, ಜಿತೇಂದ್ರಣ್ಣನ ಬೋಟು ಅಳಿವೆ ದಾಟಿತು, ಹೊಳೆ ಕಡಲು ಸೇರುವ ಬಾಯಿ ದಾಟಿತು, ಬಂದ ಕೂಡಲೇ ಹಗ್ಗ ಎಸೆಯುತ್ತಾನೆ, ಹಿಡಿದರೆ ನಾಳೆಯಿಂದ ನಾನೂ ಬೋಟಿನಲ್ಲಿ, ಬಿಟ್ಟರೆ ಮತ್ತದೇ ಐಸ್ ಪುಡಿ ಮಾಡುವ ಕೆಲಸ, ಜಿತೇಂದ್ರಣ್ಣ ತಾಂಡೇಲ, ಬೋಟು ನಡೆಸುವವನು, ಮಾತಿಗೆ ತಪ್ಪುವವನಲ್ಲ, ಹಗ್ಗ ಹಿಡ್ದ್ ತೋರ್ಸ್ ಕಿಟ್ಟ, ಬೋಟಿಗೆ ಹತ್ಸ್ಕಂತೆ, ಹಗ್ಗವೇ ಹಿಡೂಕೆ ಆತಿಲ್ಲೆ ಅಂದ್ರೆ ಕಡ್ಲಲ್ಲ್ ನಿನ್ನ್ ಯಾರ್ ಹಿಡ್ಕಂಬುದ್ ಮಾರಾಯ, ಅಂದಿದ್ದ, ಸರಿಯೇ, ನನ್ನ ಹದಿನೆಂಟನೇ ವರ್ಷದಲ್ಲಿ ಅಣ್ಣ ಎಸೆದಾಗ ನಾನು ಕೈ ಚಾಚಿದ್ದು ಬರೀ ಗಾಳಿಗೆ, ಒದ್ದೆ ಹಗ್ಗದ ತುದಿಯ ಗಂಟು ಬಡಿದದ್ದು ಮೂಗಿಗೆ — ರಕ್ತ, ಧಕ್ಕೆ ತುಂಬ ನಗು, ಆ ಗಂಟು ಬರುವುದನ್ನು ನಾನು ಕಂಡೇ ಇಲ್ಲ, ತಾಗಿದ ಮೇಲೇ ಗೊತ್ತಾದದ್ದು.

ನಿಮ್ಮ ಎಡಗಣ್ಣಿಗೆ ಏನೂ ಆಗಿಲ್ಲ, ಮೆದುಳು ಅದರ ಮಾತು ಕೇಳುವುದನ್ನು ಬಿಟ್ಟಿದೆ, ಸೋಮಾರಿ ಕಣ್ಣು ಅಂತಾರೆ ಇದಕ್ಕೆ, ಕುಂದಾಪುರದ ರಂಜನಿ ಡಾಕ್ಟ್ರು ಅಂದದ್ದು, ಹತ್ತು ದಿನ ತಲೆಯ ಹಿಂದೆ ದಪ್ಪ ಬಳೆಯಂಥದ್ದು ಹಿಡಿದು ಟಕ್ ಟಕ್ ಟಕ್, ಆಯಸ್ಕಾಂತವಂತೆ, ಮಲಗಿದ ಮೆದುಳನ್ನು ತಟ್ಟಿ ಎಬ್ಬಿಸುವುದಂತೆ — ನೋವಿಲ್ಲ, ಮರಕುಟಿಗ ಕೂತ ಹಾಗೆ — ಆಮೇಲೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸುವ ಆಟ, ಇದಿನ್ನೂ ಪ್ರಯೋಗ, ಎಲ್ಲರಿಗೂ ಆಗುವುದಿಲ್ಲ, ಬಂದ ದೃಷ್ಟಿ ಉಳಿಯುತ್ತದೆ ಅಂತಲೂ ಹೇಳಲಾರೆ, ಅಂದರು ಡಾಕ್ಟ್ರು, ಅದಕ್ಕೇ ಅಣ್ಣ, ಇವತ್ತೇ ಎಸೆ, ಇವತ್ತೇ — ಅಮ್ಮ ಅಲ್ಲಿ ಮೀನು ಬುಟ್ಟಿ ಮಗುಚಿ ಕೂತಿದ್ದಾಳೆ, ಈ ಕಡೆ ನೋಡುತ್ತಿಲ್ಲ, ಪಾಪ, ಆರನೇ ವರ್ಷದಲ್ಲಿ ಆಗಿನ ಡಾಕ್ಟ್ರು ಚೆನ್ನಾಗಿದ್ದ ಬಲಗಣ್ಣಿಗೆ ಪಟ್ಟಿ ಹಾಕಿದ್ದರು, ಎಡಗಣ್ಣು ದುಡಿಯಲಿ ಅಂತ, ನಾನು ಹೊಸ್ತಿಲು ಎಡವಿದೆ, ಬಾವಿಕಟ್ಟೆಗೆ ಡಿಕ್ಕಿ ಹೊಡೆದೆ, ಅಮ್ಮನಿಗೆ ಕರುಳು ಚುರುಕ್ಕೆಂದಿತು, ಚೆಂದ ಕಾಂಬ ಕಣ್ಣ್ ಮುಚ್ಚುದಾ, ಡಾಕ್ಟ್ರಿಗೆ ತಪ್ಪಿತ್ ಕಾಣ್, ಅಂದು ಪಟ್ಟಿ ಕಿತ್ತು ಎಡಗಣ್ಣಿಗೆ ಅಂಟಿಸಿದಳು, ಒಂದು ವರ್ಷ, ದಿನಾ ಬೆಳಿಗ್ಗೆ, ಮುತ್ತು ಕೊಟ್ಟು ಅಂಟಿಸಿದಳು, ರಂಜನಿ ಡಾಕ್ಟ್ರ ಎದುರು ಆ ಕಥೆ ಹೇಳುವಾಗಲೇ ಅವಳಿಗೆ ಗೊತ್ತಾದದ್ದು, ತಾನು ಮುಚ್ಚಿದ್ದೇ ತಪ್ಪು ಕಣ್ಣನ್ನು ಅಂತ, ಅಂದಿನಿಂದ ಅಮ್ಮ, ನಂಗ್ ಸಿಟ್ಟಿಲ್ಲೆ ಅಂದರೆ ಮೀನಿಗೆ ಉಪ್ಪು ಹಾಕೂಕಿತ್ತ್ ಅಂತ ಎದ್ದು ಹೋಗುತ್ತಾಳೆ — ಬಂತು, ಬೋಟು ಬಂತು, ಅಣ್ಣ ಮುಂದೆ ನಿಂತಿದ್ದಾನೆ, ಎದೆ ಟಕ್ ಟಕ್ ಟಕ್, ಹ್ವಾಯ್ ಕಿಟ್ಟಾ, ಹಿಡಿ — ಅಮ್ಮ ಎರಡು ಕೈಯಿಂದ ಎರಡೂ ಕಣ್ಣು ಮುಚ್ಚಿಕೊಂಡಳು, ಅಮ್ಮ, ಕಣ್ಣ್ ಬಿಡ್, ಇಲ್ಲಿ ಕಾಣ್ — ಹಗ್ಗ ಬಿಚ್ಚಿಕೊಳ್ಳುತ್ತಾ ಬರುತ್ತಿದೆ, ಗಂಟು ಅಣ್ಣನ ಹತ್ತಿರ, ಗಂಟು ನೀರಿನ ಮೇಲೆ, ಗಂಟಿಗೂ ನನಗೂ ನಡುವೆ ಜಾಗ, ಒಂದು ಮಾರು, ಒಂದು ಮೊಳ, ಒಂದು ಗೇಣು, ಗಂಟು — ಅಂಗೈಯಲ್ಲಿ ಗಂಟು, ಒದ್ದೆ ಗಂಟು, ಅಮ್ಮ, ಗಂಟು