ಕಸ್ತೂರಿಯ ಕಾಲಡಿಯ ಪೆಟ್ಟಿಗೆ

ನಾನು ಗಿಟಾರ್ ನುಡಿಸುವವರ ಕಾಲಡಿಯಲ್ಲಿ ಬದುಕುವ ಪೆಟ್ಟಿಗೆ. ಅಂಗಡಿಯವರು ನನ್ನನ್ನು ಡಿಜಿಟಲ್ ಎಫೆಕ್ಟ್ಸ್ ಪೆಡಲ್ ಅನ್ನುತ್ತಾರೆ, ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಪ್ರೊಸೆಸರ್ ಅನ್ನುತ್ತಾರೆ. ತುಳಿದರೆ ನನಗೆ ಸಿಟ್ಟು ಬರುವುದಿಲ್ಲ, ತುಳಿಸಿಕೊಳ್ಳಲೆಂದೇ ಹುಟ್ಟಿದವನು ನಾನು. ಗಿಟಾರಿನ ನಾದ ಒಂದು ವಯರಿನಲ್ಲಿ ನನ್ನೊಳಗೆ ಬರುತ್ತದೆ. ನಾನು ಅದನ್ನು ಅಂಕಿಗಳಾಗಿ ಮಾಡಿ, ತಿದ್ದಿ ತೀಡಿ, ಮತ್ತೆ ನಾದವಾಗಿಸಿ ಇನ್ನೊಂದು ವಯರಿನಲ್ಲಿ ಹೊರಗೆ ಬಿಡುತ್ತೇನೆ. ಬಾವಿಯೊಳಗಿಂದ ಬಂದಂತೆ ಕೇಳಬೇಕೇ, ಗುಡುಗಿದಂತೆ ಕೇಳಬೇಕೇ, ಹೇಳಿ. ಅಂಥ ತೊಂಬತ್ತೊಂಬತ್ತು ಸೌಂಡುಗಳು ನನ್ನ ಹೊಟ್ಟೆಯಲ್ಲಿವೆ. ಇದನ್ನು ಜಂಬ ಅನ್ನುವವರು ಅನ್ನಲಿ, ಇದ್ದದ್ದನ್ನು ಇದ್ದಂತೆ ಹೇಳಿದೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನೀಲಿ ಟೋಪಿ ಹಾಕಿದ್ದ ಹೆಂಗಸೊಬ್ಬಳು ನನ್ನ ಕೊನೆಯ ತಿರುಪು ಬಿಗಿದು, ಗಿಟಾರ್ ಸಿಕ್ಕಿಸಿ ಒಂದೇ ಒಂದು ಸಲ ತಂತಿ ಮೀಟಿದಳು. ಅದು ನನ್ನ ಮೊದಲ ಉಸಿರು. ಆಮೇಲೆ ಹಡಗು, ಲಾರಿ, ಕೊನೆಗೆ ಹುಬ್ಬಳ್ಳಿಯ ವಾದ್ಯದ ಅಂಗಡಿಯ ಗಾಜಿನ ಕಪಾಟು. ಅಲ್ಲಿಂದ ನನ್ನನ್ನು ಮೊದಲು ಮನೆಗೆ ಒಯ್ದವನು ವಿಶ್ವಾಸ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ. ಮಸಾಲೆ ಡಬ್ಬಿಯನ್ನೇ ಸಾರಿಗೆ ಸುರಿದಂತೆ ಅವನು ಒಂದೇ ಹಾಡಿಗೆ ನನ್ನ ಮೂವತ್ತು ಸೌಂಡುಗಳನ್ನು ಬಳಸುತ್ತಿದ್ದ. ಹಾಡು ಯಾವುದೆಂದು ಅವನ ತಂಗಿಗೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂತು, ನಾನು ಮಂಚದ ಕೆಳಗೆ ಹೋದೆ. ಎರಡು ವರ್ಷ ಅಲ್ಲೇ ಧೂಳು ತಿಂದೆ.

ಅಲ್ಲಿಂದ ನನ್ನನ್ನು ಅರ್ಧ ಬೆಲೆಗೆ ಕೊಂಡು ಹೊರಗೆ ತಂದವಳು ಕಸ್ತೂರಿ ಭಜಂತ್ರಿ. ಹಗಲು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಸಂಜೆ 'ಸ್ವರಸಂಗಾತಿ' ಆರ್ಕೆಸ್ಟ್ರಾದಲ್ಲಿ ಎರಡನೇ ಗಿಟಾರು. ಅವಳ ತಂದೆ ಮದುವೆ ಮುಂಜಿಗಳಲ್ಲಿ ಸನಾದಿ ಊದುತ್ತಿದ್ದವರು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೊದಲ ದಿನ ಅವಳು ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆಲಕ್ಕಿಟ್ಟು, ಚಪ್ಪಲಿ ಕಳಚಿಟ್ಟು ಬರಿಗಾಲಿನಿಂದ ನನ್ನನ್ನು ಮೆಟ್ಟಿದಳು. ಯಾಕೆಂದು ಗೆಳತಿ ಕೇಳಿದ್ದಕ್ಕೆ, "ವಾದ್ಯಕ್ಕ ಚಪ್ಪಲಿ ತಾಗಸಬಾರ್ದು ಅಂತಿದ್ದ ನಮ್ಮಪ್ಪ" ಅಂದಳು. ನನ್ನನ್ನು ವಾದ್ಯ ಅಂದದ್ದು ಅವಳೇ ಮೊದಲು. ಅಂದೇ ನಾನು ಅವಳವನಾದೆ.

ಆದರೆ ಆರ್ಕೆಸ್ಟ್ರಾದಲ್ಲಿ ನನಗೆ ಅಂಥ ಮರ್ಯಾದೆ ಸಿಗಲಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಅವರ ತಾಲೀಮಿನ ಜಾಗ. ಅಲ್ಲಿ ಮುಂದಿನ ಕುರ್ಚಿ ಡೆಂಜಿಲ್ ಮಾಸ್ತರರದ್ದು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಮೂವತ್ತು ವರ್ಷ ಲೀಡ್ ಗಿಟಾರ್ ನುಡಿಸಿದವರು. ಇಬ್ಬರು ಹೊರಬೇಕಾದ ಹಳೆಯ ವಾಲ್ವಿನ ಆಂಪ್ಲಿಫೈಯರು, ನಾಲ್ಕು ಬಣ್ಣಗೆಟ್ಟ ಪೆಡಲುಗಳು, ಅಷ್ಟೇ ಅವರ ಸಂಸಾರ. ನನ್ನನ್ನು ನೋಡಿ ಮೂಗು ಮುರಿದರು.

"ಫೋಟೋದಾಗಿನ ಹೋಳಿಗಿ ಇದು. ನೋಡಾಕ ಚಂದ, ತಿನ್ನಾಕ ಬರಂಗಿಲ್ಲ" ಅಂದರು.

ಸೌಂಡ್ ನೋಡಿಕೊಳ್ಳುವ ಮಕ್ತುಮಸಾಬ ಒಪ್ಪಲಿಲ್ಲ. "ಮಾಸ್ತರ್ರ, ನಿಮ್ಮ ಪೆಟಗಿ ಒಂದ ಸವನ ಗುಂಯ್ ಅಂತೈತಿ. ಅರ್ಧಾ ಪ್ರೋಗ್ರಾಮು ಅದರ ಬಾಯಿ ಮುಚ್ಚಸೂದರಾಗ ಹೋಗತೈತಿ ನಂಗ. ಇದು ನೋಡ್ರಿ, ತಣ್ಣಗ ಕುಂತೈತಿ."

ಕೀಬೋರ್ಡಿನ ರಾಘು ಜೋಶಿ ಎರಡೂ ದೋಣಿಯಲ್ಲಿ ಕಾಲಿಟ್ಟ. "ಛಲೋನ ಐತಿ. ಆದ್ರ ಮೆತ್ತಗ ಬಾರ್ಸಿದ್ರೂ ಅಷ್ಟ, ಜೋರ್ ಬಾರ್ಸಿದ್ರೂ ಅಷ್ಟ ಕೇಳತೈತಿ. ಸಿಟ್ಟೂ ಇಲ್ಲ, ಸಮಾಧಾನನೂ ಇಲ್ಲ ಇದಕ್ಕ."

ರಾಘುವಿನ ಮಾತು ನನ್ನನ್ನು ಚುಚ್ಚಿತು, ಯಾಕೆಂದರೆ ಅದರಲ್ಲಿ ನಿಜವಿತ್ತು. ಕಾರ್ಖಾನೆಯಲ್ಲಿ ನನಗೆ ತುಂಬಿಸಿ ಕಳಿಸಿದ್ದ ಸೌಂಡುಗಳೆಲ್ಲ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಒಂದು ಸುಕ್ಕೂ ಇಲ್ಲದವು.

ಆ ವರ್ಷ ಮಾಸ್ತರರ ಬೆರಳ ಗಂಟುಗಳು ಬಾತುಕೊಂಡವು. ಗಣಪತಿ ಹಬ್ಬದ ಕಾರ್ಯಕ್ರಮಗಳಿಗೆ ಬೇರೆಯವರು ಮುಂದಿನ ಕುರ್ಚಿಯಲ್ಲಿ ಕೂರಬೇಕಿತ್ತು. ಮಾಸ್ತರರು ಯಾರನ್ನು ಹೇಳುತ್ತಾರೋ ಅವರೇ ಎಂದು ಎಲ್ಲರೂ ಒಪ್ಪಿದ್ದರು. ಕಸ್ತೂರಿಗೆ ಆ ಕುರ್ಚಿ ಬೇಕಿತ್ತು. ಆರು ವರ್ಷ ಹಿಂದಿನ ಸಾಲಿನಲ್ಲೇ ಕೂತು ಬರೀ ತಾಳಕ್ಕೆ ತಂತಿ ತಟ್ಟಿದವಳಿಗೆ ಬೇಕಾಗದೆ ಇರುತ್ತದೆಯೇ? ಬಾಯಿಬಿಟ್ಟು ಕೇಳಿಯೇಬಿಟ್ಟಳು. ಮಾಸ್ತರರು ಕೂಡಲೇ ಬೇಡ ಅನ್ನಲಿಲ್ಲ, ಒಂದು ಮಾತು ಹೇಳಿದರು. "ನಿನ್ನ ಕೈ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ಆ ಕುರ್ಚಿಗೆ ಒಂದು ಸೌಂಡ್ ಐತಿ. ಅದು ಈ ಪೆಟಗ್ಯಾಗ ಬರಂಗಿಲ್ಲ."

ಆ ಸೌಂಡ್ ಯಾವುದೆಂದು ತೋರಿಸಲು ಅವರ ಬಳಿ ಒಂದು ಕ್ಯಾಸೆಟ್ ಇತ್ತು, ಆರ್ಕೆಸ್ಟ್ರಾದ ಹಳೆಯ ಕಾರ್ಯಕ್ರಮವೊಂದರ ರೆಕಾರ್ಡಿಂಗು. ಹೊಸಬರು ಯಾರೇ ಬರಲಿ, ಮಾಸ್ತರರು ಅದನ್ನು ಹಾಕಿ, "ಕೇಳ್ರಿ, ಸೌಂಡ್ ಅಂದ್ರ ಇದು" ಅನ್ನುತ್ತಿದ್ದರು. ಕಸ್ತೂರಿ ಅದನ್ನು ಕೇಳಿ ಪಡೆದು ಮನೆಗೆ ಒಯ್ದಳು.

ಇಪ್ಪತ್ತು ದಿನ ನಮಗೆ ಬೇರೆ ಲೋಕವಿರಲಿಲ್ಲ. ಅವಳು ಕ್ಯಾಸೆಟ್ಟಿನ ಒಂದು ತುಣುಕು ಕೇಳುವುದು, ನನ್ನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ನುಡಿಸಿ ನೋಡುವುದು, ಮತ್ತೆ ಕೇಳುವುದು. ಆ ನಾದದಲ್ಲಿ ಒಂದು ಸಣ್ಣ ಓಲಾಟವಿತ್ತು, ತುಸು ಮಂಕುತನವಿತ್ತು. ಎಲ್ಲವನ್ನೂ ನನ್ನೊಳಗೆ ಇಳಿಸಿ ನಲವತ್ತನೆಯ ನಂಬರಿನಲ್ಲಿ ಉಳಿಸಿದಳು. ಅಂಗಡಿಯಿಂದ ಬಂದ ಮೇಲೆ ನನ್ನಿಂದ ಯಾರೂ ಇಷ್ಟು ದುಡಿಸಿಕೊಂಡಿರಲಿಲ್ಲ. ಈ ಸಲ ಮಾಸ್ತರರ ಬಾಯಿ ಕಟ್ಟಿತು ಎಂದುಕೊಂಡು ನಾನು ಬೀಗಿದೆ.

ಭಾನುವಾರ ಬೆಳಿಗ್ಗೆ ಕೇಶ್ವಾಪುರದಲ್ಲಿದ್ದ ಮಾಸ್ತರರ ಮನೆಗೆ ಹೋದೆವು. ಮಕ್ತುಮಸಾಬ ಮೊದಲೇ ಬಂದು ಕೂತಿದ್ದ. ಕಸ್ತೂರಿ ಚಪ್ಪಲಿ ಕಳಚಿ ನಲವತ್ತನ್ನು ಒತ್ತಿ ನುಡಿಸಿದಳು. ಮಾಸ್ತರರು ಕಣ್ಣು ಮುಚ್ಚಿದರು.

"ಅದ ಐತ್ರೀ ಮಾಸ್ತರ್ರ. ಥೇಟ್ ನಿಮ್ಮ ಕ್ಯಾಸೆಟ್ಟು" ಅಂದ ಮಕ್ತುಮಸಾಬ.

ಮಾಸ್ತರರು ಕಣ್ಣು ತೆರೆದರು. "ಈ ಓಲಾಟ ಎಲ್ಲಿಂದ ಬಂತವಾ?"

"ಕ್ಯಾಸೆಟ್ಟಿನ್ಯಾಗ ಹಂಗ ಐತಲ್ರೀ."

"ನಾನು ಹಂಗ ಯಾವತ್ತೂ ಬಾರ್ಸಿಲ್ಲ." ಅವರು ಎದ್ದು, ಅವಳು ಮರಳಿ ತಂದಿದ್ದ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ವರ್ಷಗಟ್ಟಲೆ ಅದು ಬಿಸಿ ಆಂಪ್ಲಿಫೈಯರಿನ ನೆತ್ತಿಯ ಮೇಲೇ ಇರುತ್ತಿತ್ತು. ಟೇಪು ಹಿಗ್ಗಿ ಸುರುಳಿಯ ಅಂಚು ಅಲೆಅಲೆಯಾಗಿತ್ತು. ಓಲಾಡಿದ್ದು ಗಿಟಾರಲ್ಲ, ಟೇಪು. ಕಸ್ತೂರಿ ಇಪ್ಪತ್ತು ದಿನ ಬೆವರು ಸುರಿಸಿ ನನಗೆ ಕಲಿಸಿದ್ದು ಒಂದು ಕೆಟ್ಟ ಕ್ಯಾಸೆಟ್ಟಿನ ರೋಗವನ್ನು.

ಅವಳ ಮುಖ ಕಪ್ಪಿಟ್ಟಿತು. ನನಗೂ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಕುರ್ಚಿ ಕೈತಪ್ಪಿತು ಎಂದುಕೊಂಡು ಅವಳು ವಯರು ಬಿಚ್ಚಲು ಬಗ್ಗಿದಳು.

"ತಡಿ" ಅಂದರು ಮಾಸ್ತರರು. "ಇಷ್ಟು ವರ್ಷ ಎಲ್ಲಾರಿಗೂ ಇದನ್ನ ನನ್ನ ಸೌಂಡ್ ಅಂತ ಕೇಳಿಸ್ಕೋತ ಬಂದಾಂವ ನಾನು. ನನ್ನ ಕಿವಿಗೇ ಗೊತ್ತಾಗಲಿಲ್ಲ. ನಿನ್ನ ಪೆಟಗಿ ಬಿಚ್ಚಿ ತೋರಿಸ್ತು." ಕ್ಯಾಸೆಟ್ಟನ್ನು ಜೇಬಿಗೆ ಇಳಿಸಿ, "ನಂದು ಬಿಡು. ನಿನಗ ಯಾವ ಸೌಂಡ್ ಬೇಕು, ಅದನ್ನ ಬಾರ್ಸು" ಅಂದರು.

ಕಸ್ತೂರಿ ಬಹಳ ಯೋಚಿಸಲಿಲ್ಲ. ನನ್ನೊಳಗಿನದನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋದಳು. ಕೊನೆಗೆ ಉಳಿದದ್ದು ತುಸು ಪ್ರತಿಧ್ವನಿ ಮತ್ತು ನನ್ನ ಬಲಗಡೆ ಇರುವ ಓರೆ ಮೆಟ್ಟು. ಅದನ್ನು ಒತ್ತಿದಂತೆ ನಾದ ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ. ಅವಳು ತಂತಿ ಮೀಟಿ ಆಮೇಲೆ ಮೆಲ್ಲಗೆ ಮೆಟ್ಟು ಒತ್ತಿದಳು. ಮೀಟಿದ ಪೆಟ್ಟು ಕೇಳಿಸಲೇ ಇಲ್ಲ. ನಾದ ಎಲ್ಲಿಂದಲೋ ಉಬ್ಬಿ ಬಂದು, ತುಂಬಿ ನಿಂತು, ಉಸಿರು ಮುಗಿದಂತೆ ಸಣ್ಣಗಾಯಿತು. ಸನಾದಿ ಊದುವವರ ಮನೆಯ ಮಗಳಲ್ಲದೆ ಬೇರೆ ಯಾರಿಗೂ ಗಿಟಾರನ್ನು ಹಾಗೆ ಊದಬೇಕೆಂದು ಹೊಳೆಯುವುದಿಲ್ಲ. ಅವಳ ಪಾದದ ಒತ್ತಡದ ಏರಿಳಿತವೆಲ್ಲ ನನಗೆ ತಿಳಿಯುತ್ತಿತ್ತು. ಅಷ್ಟನ್ನೂ ಒಂದು ಗುಲಗಂಜಿಯಷ್ಟೂ ಚೆಲ್ಲದೆ ಆಚೆ ಮುಟ್ಟಿಸಿದೆ.

ಮಕ್ತುಮಸಾಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಾಸ್ತರರು ಕನ್ನಡಕ ಒರೆಸಿಕೊಂಡರು. "ಡಿಜಿಟಲ್ ಅಂದ್ರ ಡಿಜಿಟಲ್ಲನ, ಆ ಮಾತು ನಾ ಬಿಡಂಗಿಲ್ಲ" ಅಂದರು. "ಆದ್ರ ಗಣಪತಿ ಪ್ರೋಗ್ರಾಮಿಗೆ ಮುಂದ ನೀನ ಕೂಡು."

ಆ ಹಬ್ಬದ ಮೊದಲ ಕಾರ್ಯಕ್ರಮದಲ್ಲಿ ಮಾಸ್ತರರು ಜನರ ನಡುವೆ ಕೂತು ಕೇಳಿದರು. ಪಕ್ಕದವರೊಬ್ಬರು, "ಇದು ನಿಮ್ಮ ಸೌಂಡ್ ಅಲ್ಲಲ್ರೀ ಮಾಸ್ತರ್ರ?" ಎಂದು ಕೆಣಕಿದರಂತೆ. "ಅಲ್ರೀ, ಅದು ಕಸ್ತೂರಿದು" ಅಂದರಂತೆ ಅವರು. ಹಿಂದೆಯೇ ಮಿಕ್ಸರ್ ಮುಂದೆ ನಿಂತಿದ್ದ ಮಕ್ತುಮಸಾಬ ಇದನ್ನು ಹೇಳುವಾಗ ಕಸ್ತೂರಿ ನನ್ನ ವಯರು ಸುತ್ತುತ್ತಿದ್ದಳು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

ಆಮೇಲೆ ಹದಿನೆಂಟು ವರ್ಷ ನಾವು ಆ ಕುರ್ಚಿಯನ್ನು ಆಳಿದೆವು. ಮಾಸ್ತರರು ಕಣ್ಣು ಮುಚ್ಚುವವರೆಗೂ ನನ್ನನ್ನು ಹೋಳಿಗೆಯ ಫೋಟೋ ಅಂತಲೇ ಕರೆದರು. ಈಗ ಮೊಬೈಲಿನಲ್ಲೇ ಸಾವಿರ ಸೌಂಡು ಸಿಗುತ್ತವೆ. ತಮಾಷೆಯೆಂದರೆ ಹೊಸ ಹುಡುಗರು ನನ್ನನ್ನು ನೋಡಿ, "ಹಳೇ ಪ್ರೊಸೆಸರಿನ್ಯಾಗ ಇದ್ದ ಜೀವ ಈಗಿನವುದ್ರಾಗ ಇಲ್ಲ ಬಿಡ್ರಿ" ಅನ್ನುತ್ತಾರೆ.

ಹೋದ ವರ್ಷ ನನ್ನ ನಂಬರು ತೋರಿಸುವ ದೀಪ ಮಂಕಾಯಿತು, ಒತ್ತಿದ್ದೊಂದಾದರೆ ಬರುವುದು ಇನ್ನೊಂದು. ರಿಪೇರಿಯವರು ಹೊಟ್ಟೆ ಬಿಚ್ಚಿ ನೋಡಿ, "ಮೇಡಂ, ರಿಪೇರಿ ಆಗತೈತಿ. ಆದ್ರ ಒಳಗ ಉಳಿಸಿದ್ದೆಲ್ಲಾ ಅಳಸ್ಬೇಕಾಗತೈತಿ" ಅಂದರು. ಆ ಭಾನುವಾರದ ಸೌಂಡು ಇದ್ದದ್ದು ನನ್ನೊಳಗೆ. ಅದೇ ಹೋದರೆ ನಾನು ಯಾರು, ಅವಳ ಗತಿಯೇನು?

ಕಸ್ತೂರಿ ತನ್ನ ಗಿಟಾರನ್ನು ಚೀಲದಿಂದ ತೆಗೆದಳು. ಅಂಗಡಿಯಲ್ಲಿದ್ದ ಚಿಕ್ಕ ಆಂಪ್ಲಿಫೈಯರಿಗೆ ಗಿಟಾರನ್ನು ನೇರವಾಗಿ ಸಿಕ್ಕಿಸಿದಳು. ತಂತಿ ಮೀಟಿ, ಕಿರುಬೆರಳಿನಿಂದ ಗಿಟಾರಿನದೇ ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ನಾದ ಉಬ್ಬಿತು, ತುಂಬಿ ನಿಂತಿತು, ಉಸಿರು ಮುಗಿದಂತೆ ಸಣ್ಣಗಾಯಿತು. ನಾನು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದೆ. ನನ್ನನ್ನು ಹಾಯದೆ ಬಂದ ಅವಳ ಗಿಟಾರನ್ನು ನಾನು ಕೇಳಿದ್ದು ಅದೇ ಮೊದಲು.

"ಅಳಸ್ರಿ, ಏನೂ ಆಗಂಗಿಲ್ಲ" ಅಂದಳು.

ಅಳಿಸಿದರು. ಈಗ ಅವಳು ಹುಡುಗರಿಗೆ ಕಲಿಸುವ ಗಿಟಾರ್ ಕ್ಲಾಸಿನ ಮೂಲೆಯಲ್ಲಿ, ಕಿಟಕಿಯ ಕೆಳಗೆ ನನ್ನ ಜಾಗ. ಒಳಗೆ ಕಾರ್ಖಾನೆಯವರು ತುಂಬಿಸಿದ ತೊಂಬತ್ತೊಂಬತ್ತು ಸೌಂಡುಗಳು ಮತ್ತೆ ಬಂದು ಕೂತಿವೆ, ಅವಳದು ಒಂದೂ ಇಲ್ಲ. ಮೊದಲು ದುಃಖವಾಯಿತು, ಸುಳ್ಳೇಕೆ ಹೇಳಲಿ. ಆದರೆ ಪಾಠದ ಹೊತ್ತಿಗೆ ಅವಳು ಗಿಟಾರ್ ಎತ್ತಿಕೊಂಡಾಗಲೆಲ್ಲ ನನಗೆ ಹೆಮ್ಮೆ ಉಕ್ಕುತ್ತದೆ. ನಾನಿಲ್ಲದೆಯೂ ಹಾಗೆ ನುಡಿಸಬಲ್ಲವಳು ಹದಿನೆಂಟು ವರ್ಷ ನನ್ನನ್ನು ಬಿಟ್ಟು ವೇದಿಕೆ ಹತ್ತಲಿಲ್ಲ.